ಮ್ಯಾಶಪ್‌ನ ಒಳಗೆ ಅಡಗಿರುವ ಹಾಡನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನಗೆ ಚೆನ್ನಾಗಿ ಪರಿಚಯವಿರುವ ಗಾಯಕಿಯೊಬ್ಬರ ದನಿಯನ್ನು ಬೇರೆ ಯಾವುದೋ ಹಾಡಿನ ವಾದ್ಯಗಳೊಂದಿಗೆ ಕೂಡಿಸಿದ ಮ್ಯಾಶಪ್ ಒಂದನ್ನು ಕಳೆದ ವಾರ ಆಕಸ್ಮಿಕವಾಗಿ ಕೇಳಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದನಿಯಲ್ಲ, ಅದರ ಕೆಳಗೆ ಹರಿಯುತ್ತಿದ್ದ ಬೇಸ್ ಗಿಟಾರು. ನಾಲ್ಕು ಸ್ವರ ಏರಿ, ಅರೆಗಳಿಗೆ ತಡೆದು, ಮತ್ತೆ ಮೊದಲ ಸ್ವರಕ್ಕೇ ಇಳಿಯುವ ಆ ಎಳೆಯನ್ನು ದಿನವಿಡೀ ಗುನುಗುತ್ತಿದ್ದೇನೆ. ಮೂಲ ಹಾಡಿನ ಹೆಸರನ್ನು ಎಲ್ಲಿಯೂ ಬರೆದಿಲ್ಲ, ಹಾಡು ಗುರುತಿಸುವ ಆ್ಯಪ್‌ಗೂ ಅದು ಸಿಗುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1:
ಶಜಾಮ್‌ನಂಥ ಆ್ಯಪ್‌ಗಳು ಧ್ವನಿಯಲ್ಲಿ ಎದ್ದುಕಾಣುವ ಬಿಂದುಗಳ ಆವರ್ತನವನ್ನೂ ಅವುಗಳ ನಡುವಿನ ಕಾಲದ ಅಂತರವನ್ನೂ ತಮ್ಮ ಸಂಗ್ರಹದೊಂದಿಗೆ ಹೋಲಿಸಿ ನೋಡುತ್ತವೆ. ಮ್ಯಾಶಪ್ ಮಾಡುವವರು ಎರಡು ಹಾಡುಗಳ ಶ್ರುತಿ ಮತ್ತು ಗತಿ ಹೊಂದಲೆಂದು ಒಂದನ್ನು ಹಿಗ್ಗಿಸುವುದರಿಂದ ಅಥವಾ ಕುಗ್ಗಿಸುವುದರಿಂದ ಆ ಅಳತೆಗಳೇ ಬದಲಾಗಿಬಿಡುತ್ತವೆ. ಹೀಗಾಗಿ ನೀವು ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಬೇಕು. ಡೀಜರ್ ಸಂಸ್ಥೆ 2019ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದ ಸ್ಪ್ಲೀಟರ್ ಎಂಬ ತಂತ್ರಾಂಶ ದನಿ, ಡ್ರಮ್ಸ್, ಬೇಸ್‌ಗಳನ್ನು ಬೇರ್ಪಡಿಸಿಕೊಡುತ್ತದೆ. ಮೊದಲು ಅದರಿಂದ ದನಿಯನ್ನು ತೆಗೆದು, ಉಳಿದ ಭಾಗದ ವೇಗವನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಸ್ವಲ್ಪಸ್ವಲ್ಪವೇ ಬದಲಿಸುತ್ತಾ ಆ್ಯಪ್‌ಗೆ ಕೇಳಿಸಿ. ಹಾಡನ್ನು ಇದ್ದಂತೆಯೇ ಸುಮಾರು ಶೇ. 6ರಷ್ಟು ವೇಗವಾಗಿ ಓಡಿಸಿದರೆ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ ಎಂಬುದು ನೆನಪಿರಲಿ.

ಉತ್ತರ 2:
ಹಾಡು ಸಿಕ್ಕರೆ ಅಲ್ಲಿಗೇ ನಿಲ್ಲಬೇಡಿ, ಅದಿರುವ ಇಡೀ ಆಲ್ಬಮ್ ಕೇಳಿ. ಸಂಗೀತ ನಿರ್ಮಾಪಕ ಡೇಂಜರ್ ಮೌಸ್ 2004ರಲ್ಲಿ ರ‍್ಯಾಪ್ ಗಾಯಕ ಜೇ-ಝೀ ಅವರ ಬ್ಲ್ಯಾಕ್ ಆಲ್ಬಮ್‌ನ ದನಿಯನ್ನು ಬೀಟಲ್ಸ್‌ನ 1968ರ ವೈಟ್ ಆಲ್ಬಮ್‌ನ ತುಣುಕುಗಳೊಂದಿಗೆ ಹೊಲಿದು ಮಾಡಿದ ಗ್ರೇ ಆಲ್ಬಮ್ಮನ್ನು ನಾನು ರ‍್ಯಾಪ್‌ಗಾಗಿ ಕೇಳಲು ಕುಳಿತವನು. ಅದರಲ್ಲಿ ಒಂದೆಡೆ ಪಿಯಾನೋವನ್ನು ಹೋಲುವ ಹಳೆಯ ವಾದ್ಯವಾದ ಹಾರ್ಪ್ಸಿಕಾರ್ಡ್‌ನ ನಾದ ಚೂರುಚೂರಾಗಿ ಬರುತ್ತದೆ. ಮೂಲವನ್ನು ಹುಡುಕಿದಾಗ ಅದು ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬರೆದ ಹಾಡೆಂದೂ, ಅಲ್ಲಿ ಅದೇ ಹಾರ್ಪ್ಸಿಕಾರ್ಡ್‌ನ ಜೊತೆಗೆ ಪಿಟೀಲು, ಚೆಲ್ಲೋಗಳ ಮೇಳವೊಂದಿದೆಯೆಂದೂ ತಿಳಿದು ರೋಮಾಂಚನವಾಯಿತು. ಅಂದಿನವರೆಗೆ ಬೀಟಲ್ಸ್ ನನಗೆ ಬರಿಯ ಹೆಸರು. ಆ ವಾರ ವೈಟ್ ಆಲ್ಬಮ್ಮಿನ ಮೂವತ್ತೂ ಹಾಡುಗಳನ್ನು ಕೇಳಿ ಮುಗಿಸಿದೆ.

ಉತ್ತರ 3:
ನೀವು ಮೂಲವೆಂದುಕೊಂಡದ್ದೂ ಇನ್ನೊಂದರಿಂದ ಎರವಲು ಪಡೆದದ್ದಾಗಿರಬಹುದು. ದಿ ವಿನ್‌ಸ್ಟನ್ಸ್ ತಂಡಕ್ಕಾಗಿ ಗ್ರೆಗರಿ ಕೋಲ್ಮನ್ 1969ರಲ್ಲಿ ನುಡಿಸಿದ ಸುಮಾರು ಆರು ಸೆಕೆಂಡಿನ ಡ್ರಮ್ಸ್ ಸಾವಿರಾರು ಹಾಡುಗಳಲ್ಲಿದೆ. ಹೂಸ್ಯಾಂಪಲ್ಡ್ ತಾಣದಲ್ಲಿ ಇಂಥ ಎರವಲಿನ ಜಾಡನ್ನು ಹಿಡಿಯಬಹುದು.

ಪ್ರಶ್ನೆ ಕೇಳಿದವರು:
ಹಾಡು ಸಿಕ್ಕಿತು, ಎಲ್ಲರಿಗೂ ಕೃತಜ್ಞತೆಗಳು. ದನಿಯನ್ನು ತೆಗೆದು ವೇಗವನ್ನು ಇಳಿಸುತ್ತಾ ಹೋದಾಗ, ಐದನೆಯ ಪ್ರಯತ್ನದಲ್ಲಿ ಆ್ಯಪ್ ಗುರುತು ಹಿಡಿಯಿತು. ಮೂಲದಲ್ಲಿ ಆ ಎಳೆ ಕೊನೆಯ ನಿಮಿಷದಲ್ಲಿ ಎರಡೇ ಎರಡು ಸಲ ಬರುತ್ತದೆ. ಮ್ಯಾಶಪ್ ಮಾಡಿದವರು ಅದನ್ನೇ ಉದ್ದಕ್ಕೂ ಆವರ್ತಿಸಿದ್ದಾರೆ. ಅದಕ್ಕೂ ಮುಂಚಿನ ನಾಲ್ಕು ನಿಮಿಷ ಬೇಸ್ ಗಿಟಾರು ಒಂದೇ ಸ್ವರವನ್ನು ಹಿಡಿದು ಕಾಯುತ್ತಿರುತ್ತದೆ, ಆ ಕಾಯುವಿಕೆ ಮ್ಯಾಶಪ್‌ನಲ್ಲಿ ಇರಲೇ ಇಲ್ಲ. ಈಗ ಅದೇ ವಾದಕರು ನುಡಿಸಿರುವ ಬೇರೆ ಆಲ್ಬಮ್‌ಗಳನ್ನು ಹುಡುಕುತ್ತಿದ್ದೇನೆ.