ಅಪ್‌ಡೇಟ್: ಒರಿಗಾಮಿ ಗುಲಾಬಿ ಕಲಿಸೋಕೆ ಅನುಮತಿ ಸಿಕ್ಕಿತು

ಬೇಸಿಗೆ ಶಿಬಿರದಲ್ಲಿ ಫೀಸು ತಗೊಂಡು, ಬೇರೆಯವರು ರಚಿಸಿದ ಒರಿಗಾಮಿ (ಕಾಗದ ಮಡಿಸಿ ಮಾಡುವ) ಗುಲಾಬಿಯನ್ನು ಮಕ್ಕಳಿಗೆ ಕಲಿಸಬಹುದಾ ಅಂತ ಕೇಳಿದ್ದೆ. ವಿಷಯ ಬಗೆಹರಿಯಿತು.

ಕೆಲಸಕ್ಕೆ ಬಂದಿದ್ದು "ರಚಿಸಿದವರನ್ನೇ ನೇರವಾಗಿ ಕೇಳಿ" ಅನ್ನೋ ಸಲಹೆ. ಎಲ್ಲಿ ಶಿಬಿರ, ಎಷ್ಟು ಮಕ್ಕಳು, ಫೀಸು ಎಷ್ಟು, ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚುವುದಿಲ್ಲ. ಇಷ್ಟೇ ಬರೆದು ಮೇಲ್ ಹಾಕಿದೆ. ಉತ್ತರ ತಡವಾಗಿ ಬಂತು, ಆದರೆ ಖುಷಿಯಿಂದಲೇ ಒಪ್ಪಿದ್ದರು. ಕ್ಲಾಸಿನಲ್ಲಿ ಅವರ ಹೆಸರು ಹೇಳಬೇಕು, ವಿಡಿಯೋ ಮಾಡಿ ಹಾಕಬಾರದು, ಅಷ್ಟೇ ಷರತ್ತು.

"ಯೂಟ್ಯೂಬಿನಲ್ಲೇ ಇದೆಯಲ್ಲ, ಸುಮ್ನೆ ಕಲಿಸಿ" ಅನ್ನೋ ಸಲಹೆ ನಡೆಯಲಿಲ್ಲ. ಆ ವಿಡಿಯೋದವರಿಗೆ ಬರೆದರೆ, ವಿನ್ಯಾಸ ತಮ್ಮದಲ್ಲ ಅಂದರು! ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಪಾಠಕ್ಕೆ ವಿನಾಯಿತಿ ಇದೆ, ನಿಜ. ಆದರೆ ಫೀಸಿನ ಶಿಬಿರಕ್ಕೆ ಅದನ್ನೇ ನೆಚ್ಚಿಕೊಳ್ಳೋಕೆ ನನಗೆ ಧೈರ್ಯ ಸಾಲಲಿಲ್ಲ.

ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ ಕೇಳಿ. ಕಾಗದವನ್ನು ಎಲ್ಲೆಲ್ಲಿ ಮಡಿಸಬೇಕು ಅಂತ ಗೆರೆಗಳಲ್ಲಿ ತೋರಿಸುವ ತಮ್ಮ ನಕ್ಷೆಗಳನ್ನು ಕೇಳದೆ ಪೇಂಟಿಂಗ್ ಮಾಡಿದ್ದಾರೆ ಅಂತ ರಾಬರ್ಟ್ ಲ್ಯಾಂಗ್ ಮತ್ತು ಕೆಲವು ಒರಿಗಾಮಿ ಕಲಾವಿದರು 2011ರಲ್ಲಿ ಚಿತ್ರಕಲಾವಿದೆ ಸಾರಾ ಮಾರಿಸ್ ಮೇಲೆ ಅಮೆರಿಕದಲ್ಲಿ ಕೇಸು ಹಾಕಿದ್ದರು. 2013ರಲ್ಲಿ ರಾಜಿಯಾಯಿತು. ಬರೀ ಗೆರೆಗಳಿಗೆ ಇಷ್ಟು ಜಗಳ ಅಂದ್ರೆ ಆಶ್ಚರ್ಯ ಅಲ್ವಾ?

ಕೊಕ್ಕರೆಗೆ ಮಾತ್ರ ಯಾರ ಅನುಮತಿಯೂ ಬೇಡ. ಕಾಗದದ ಕೊಕ್ಕರೆಗಳ ಮೇಲೆ ಜಪಾನಿನಲ್ಲಿ 1797ರಲ್ಲೇ ಪುಸ್ತಕ ಬಂದಿದೆ. ಹಾಗಾಗಿ ಶಿಬಿರ ಶುರುವಾಗೋದು ಕೊಕ್ಕರೆಯಿಂದ, ಗುಲಾಬಿ ಆಮೇಲೆ. ಗುಲಾಬಿಯ ನಡುವಿನ ತಿರುವು ಪುಟ್ಟ ಕೈಗಳಿಗೆ ಕಷ್ಟ. ಕಲಿಸುವವರಿದ್ದರೆ ಸ್ವಲ್ಪ ದೊಡ್ಡ ಹಾಳೆಯನ್ನೇ ಕೊಡಿ.