ಹವೀಜದ (ಕೊತ್ತಂಬರಿ ಬೀಜದ) ಕಷಾಯ ದಿನವೂ ಕುಡಿದವರು ಇದ್ದೀರಾ?

ವಿದ್ಯಾನಗರ, ಹುಬ್ಬಳ್ಳಿ:
ವಯಸ್ಸು 46. ದಿನಕ್ಕೆ ಐದು ಚಹಾ, ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ. ಮಧ್ಯಾಹ್ನದ ಊಟವಾದರೆ ಎದೆಯುರಿ, ಸಂಜೆಗೆ ಹುಳಿತೇಗು. ಚಹಾ ಬಿಟ್ಟು ಹವೀಜ, ಜೀರಿಗೆ, ಮೆಂತ್ಯದ ಕಷಾಯ ಕುಡಿ ಎಂದು ಅತ್ತೆಯವರು ವರ್ಷದಿಂದ ಹೇಳುತ್ತಿದ್ದಾರೆ. ಅಳತೆ ಕೇಳಿದರೆ "ಕೈಗೆ ಬಂದಷ್ಟು" ಎನ್ನುತ್ತಾರೆ. ಬೆಳಿಗ್ಗೆ ಎದ್ದೊಡನೆ ಥೈರಾಯ್ಡ್ ಮಾತ್ರೆ ನುಂಗುತ್ತೇನೆ, ಅದನ್ನೂ ಗಮನದಲ್ಲಿಡಿ. ಕುಡಿದು ನೋಡಿದವರು ಮಾತ್ರ ಹೇಳಿ. ಮೊಬೈಲಿಗೆ ಬಂದದ್ದನ್ನು ಇತ್ತ ದಾಟಿಸಬೇಡಿ, ಅಂಥವು ನನ್ನ ಹತ್ತಿರವೇ ನಲವತ್ತಿವೆ.

ಸಪ್ತಾಪುರ, ಧಾರವಾಡ:
ತಂಗೀ, ಅತ್ತೆಯವರ ಮಾತು ಸುಳ್ಳಲ್ಲ, ಆದರೆ ಅದು ಪಳಗಿದ ಕೈ. ನಾನು ಒಂಬತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ನನ್ನ ಅಳತೆ: ಹವೀಜ ನಾಲ್ಕು ಚಮಚ, ಜೀರಿಗೆ ಎರಡು, ಬಡೇಸೋಪು ಒಂದು, ಮೆಂತ್ಯ ಕಾಲು ಚಮಚ, ಮೆಣಸು ನಾಲ್ಕು ಕಾಳು. ಮೊದಲ ಸಲ ಆರೋಗ್ಯದ ಆಸೆಗೆ ಮೆಂತ್ಯವನ್ನೂ ಹವೀಜದಷ್ಟೇ ಸುರಿದಿದ್ದೆ. ನಮ್ಮ ಮನೆಯವರು ಒಂದು ಗುಟುಕು ಕುಡಿದು, ಏನೂ ಮಾತಾಡದೆ ಎದ್ದು ಹೋಗಿ, ಲೋಟವನ್ನು ದಾಸವಾಳದ ಬುಡಕ್ಕೆ ಬಗ್ಗಿಸಿ ಬಂದರು.

ಎಲ್ಲವನ್ನೂ ಒಟ್ಟಿಗೆ ಹುರಿಯಬೇಡ. ಹವೀಜ ಕಾಯುವಷ್ಟರಲ್ಲಿ ಜೀರಿಗೆ ಕರಕಾಗಿರುತ್ತದೆ. ಹವೀಜವನ್ನು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿದ್ದರೆ ಮೊದಲು ಹಸಿವಾಸನೆ ಹೋಗುತ್ತದೆ, ಆಮೇಲೆ ಕಿತ್ತಳೆ ಸಿಪ್ಪೆ ಹಿಂಡಿದಂಥ ಘಮ ಏಳುತ್ತದೆ. ಆಗಲೇ ಒಲೆ ಆರಿಸಬೇಕು. ಬಣ್ಣ ತಿರುಗಲಿ ಎಂದು ಕಾದರೆ ಕೆಟ್ಟಿತು. ತರಿತರಿಯಾಗಿ ಕುಟ್ಟಿಕೋ, ಹದಿನೈದು ದಿನಕ್ಕಾಗುವಷ್ಟು ಮಾತ್ರ. ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ, ಐದು ನಿಮಿಷ ಮೆಲ್ಲನೆಯ ಕುದಿ, ಪಾತೇಲಿಯ ಮೇಲೆ ತಟ್ಟೆ ಮುಚ್ಚಿಯೇ ಇರಲಿ. ಈ ಬೀಜಗಳ ಘಮವಿರುವುದು ಆವಿಯಾಗಿ ಹಾರುವ ಎಣ್ಣೆಯಲ್ಲಿ. ಓಣಿಯೆಲ್ಲ ಘಮಘಮಿಸಿತು ಎಂದರೆ ಲೋಟದಲ್ಲಿ ಅಷ್ಟು ಕಡಿಮೆಯಾಯಿತು ಎಂದೇ ಲೆಕ್ಕ. ಬೆಲ್ಲ, ಹಾಲು ಬೇಕಾದರೆ ಒಲೆ ಆರಿಸಿದ ಮೇಲೆ ಹಾಕು, ಇಲ್ಲದಿದ್ದರೆ ಹಾಲು ಒಡೆಯುತ್ತದೆ.

ಫಲ ಕೇಳಿದೆಯಲ್ಲ. ರಾತ್ರಿ ಊಟದ ನಂತರದ ಹೊಟ್ಟೆಯುಬ್ಬರ ನಿಂತಿತು. ಮಂಡಿನೋವು ಇದ್ದ ಹಾಗೆಯೇ ಇದೆ.

ಗದಗ:
ನನ್ನದು ಕಿರಾಣಿ ಅಂಗಡಿ, ಅದಕ್ಕೇ ಕೊಳ್ಳುವ ವಿಷಯ ಮಾತ್ರ ಹೇಳುತ್ತೇನೆ. ನಮ್ಮ ಕಡೆಯ ಎರೆಹೊಲಗಳಲ್ಲಿ ಹವೀಜ ಹಿಂಗಾರಿ ಬೆಳೆ. ಸುಗ್ಗಿ ಮುಗಿದ ಮೇಲೆ ಬರುವ ಹೊಸ ಮಾಲಿಗೂ ವರ್ಷ ಕಳೆದದ್ದಕ್ಕೂ ಇರುವ ಅಂತರ ಕೈಯಲ್ಲೇ ತಿಳಿಯುತ್ತದೆ. ಎರಡು ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ. ಬರೀ ಹೊಟ್ಟಿನ ವಾಸನೆ ಬಂದರೆ ಬಿಟ್ಟುಬಿಡಿ. ಬಡೇಸೋಪು ಗಿಳಿಹಸಿರಾಗಿದ್ದರೆ, ಬಣ್ಣ ಹತ್ತುತ್ತದೆಯೇ ಎಂದು ಒದ್ದೆ ಹತ್ತಿಯಿಂದ ಒರೆಸಿ ನೋಡಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಬಿತ್ತನೆಗೆಂದು ಮಾರುವ ಪ್ಯಾಕೆಟ್ಟಿನ ಬೀಜ ಮನೆಯಲ್ಲಿ ಉಳಿದಿದೆ ಎಂದು ಕಷಾಯಕ್ಕೆ ಹಾಕಬೇಡಿ. ಅದಕ್ಕೆ ಶಿಲೀಂಧ್ರನಾಶಕ ಸವರಿರಬಹುದು. ತೊಳೆದರೂ ಅದು ತಿನ್ನುವ ಪದಾರ್ಥವಾಗುವುದಿಲ್ಲ. ಕಪ್ಪತಗುಡ್ಡದ ಮೂಲಿಕೆ ಬೆರೆಸಿದ ಪುಡಿ ಎಂದು ಯಾರಾದರೂ ಮನೆಬಾಗಿಲಿಗೆ ತಂದರೂ ಕೊಳ್ಳಬೇಡಿ. ಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಮನಬಂದಂತೆ ಗಿಡ ಕಿತ್ತು ತರುವಂತಿಲ್ಲ. ಪುಡಿಯಲ್ಲಿ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ.

ಹಾವೇರಿ:
ಅಕ್ಕಾ, ಮೆಂತ್ಯದ ಬಗ್ಗೆ ನನ್ನ ಪಾಡು ಕೇಳಿ. ನನಗೆ ಸಕ್ಕರೆ ಕಾಯಿಲೆ, ಎರಡು ಹೊತ್ತು ಮಾತ್ರೆ. ಅದರ ಮೇಲೆ ಎರಡು ಚಮಚ ಮೆಂತ್ಯದ ಕಷಾಯವನ್ನು ಬರಿಹೊಟ್ಟೆಯಲ್ಲಿ ಶುರುಮಾಡಿದೆ, ಡಾಕ್ಟರಿಗೆ ಹೇಳಲಿಲ್ಲ. ಹತ್ತನೆಯ ದಿನ ಬಸ್ಸಿನಲ್ಲಿ ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾಯಿತು. ಪಕ್ಕದಲ್ಲಿದ್ದ ಅಜ್ಜಿ ಚೀಲದಿಂದ ಬೆಲ್ಲದ ತುಂಡು ತೆಗೆದು ಬಾಯಿಗೆ ಹಾಕಿದರು. ಸಕ್ಕರೆ ಇಳಿದಿತ್ತು. ಮೆಂತ್ಯವೂ ಸಕ್ಕರೆ ಇಳಿಸುತ್ತದೆ, ಮಾತ್ರೆಯೂ ಇಳಿಸುತ್ತದೆ. ಎರಡೂ ಸೇರಿದರೆ ಹೀಗಾಗಬಹುದು ಎಂದು ಡಾಕ್ಟರ್ ಬೈದೇ ಹೇಳಿದರು. ಜೊತೆಗೆ ಬೆವರಿಗೂ ಅಂಗಿಗೂ ಮೆಂತ್ಯದ ವಾಸನೆ. ಕಚೇರಿಯಲ್ಲಿ ಪಕ್ಕದವರು ಊಟಕ್ಕೆ ಮೆಂತ್ಯದ ಕಡುಬೇ ಎಂದು ಕೇಳಿದರು.

ನವನಗರ, ಹುಬ್ಬಳ್ಳಿ:
ಔಷಧಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟೇ ಕಷಾಯವಾಗಲಿ ಚಹಾವಾಗಲಿ ಕುಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಗರ್ಭಿಣಿಯರು ಮೆಂತ್ಯದ ಕಷಾಯವನ್ನು ಕೇಳದೆ ಕುಡಿಯಬಾರದು. ನುಂಗುವಾಗ ತಡೆದಂತಾದರೆ, ತೂಕ ಇಳಿದರೆ, ಮಲ ಕಪ್ಪಾದರೆ ಕಷಾಯ ಕಾಯಿಸುತ್ತ ಕೂರಬೇಡಿ. ಎದೆಯ ಬಿಗಿತ ಕೈಗೋ ದವಡೆಗೋ ಹಬ್ಬಿದರಂತೂ ಅದನ್ನು ಪಿತ್ತ ಎನ್ನದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ರಾಣೆಬೆನ್ನೂರು:
ಮೂರು ತಿಂಗಳು ಕುಡಿದೆ. ಬೀಜದಿಂದ ಏನಾಯಿತೋ ಹೇಳಲಾರೆ, ಚಹಾ ಹೋದದ್ದರಿಂದ ಆಯಿತು. ನಿಮ್ಮ ಲೆಕ್ಕವನ್ನೇ ಹಿಡಿಯಿರಿ: ದಿನಕ್ಕೆ ಹತ್ತು ಚಮಚ ಸಕ್ಕರೆ, ಸುಮಾರು 40 ಗ್ರಾಂ, ತಿಂಗಳಿಗೆ ಒಂದು ಕಿಲೋ ದಾಟಿತು. ಕಷಾಯಕ್ಕೂ ಅಷ್ಟೇ ಬೆಲ್ಲ ಹಾಕಿದರೆ ಸುಮ್ಮನೆ ಚಹಾವನ್ನೇ ಕುಡಿಯಿರಿ, ರುಚಿಯಾದರೂ ಇರುತ್ತದೆ. ಒಮ್ಮೆಲೇ ಐದನ್ನೂ ಬಿಡಬೇಡಿ, ತಲೆ ಸಿಡಿಯುತ್ತದೆ.

ವಿದ್ಯಾನಗರ, ಹುಬ್ಬಳ್ಳಿ (ಮೂರು ವಾರದ ನಂತರ):
ತಲೆನೋವಿನ ಮಾತು ಓದುವ ಮೊದಲೇ ಐದನ್ನೂ ಬಿಟ್ಟಿದ್ದೆ. ಎರಡನೆಯ ದಿನ ಮಧ್ಯಾಹ್ನ ಹಣೆಗೆ ಪಂಚೆ ಕಟ್ಟಿಕೊಂಡು ಮಲಗಿದೆ. ಈಗ ಬೆಳಿಗ್ಗೆ ಒಂದು ಚಹಾ, ಮಾತ್ರೆ ನುಂಗಿ ಗಂಟೆಯಾದ ಮೇಲೆ. ಹನ್ನೊಂದಕ್ಕೂ ಸಂಜೆಗೂ ಬೆಲ್ಲವಿಲ್ಲದ ಕಷಾಯ. ಸಪ್ತಾಪುರದ ಅಕ್ಕಾ, ಮೆಣಸು ನನಗೆ ಆಗಲಿಲ್ಲ. ಹಾಕಿದ ದಿನವೇ ಉರಿ ಹೆಚ್ಚಾಯಿತು, ತೆಗೆದುಬಿಟ್ಟೆ. ಹುಳಿತೇಗು ಬಹಳ ಕಡಿಮೆಯಾಗಿದೆ, ಎದೆಯುರಿ ವಾರಕ್ಕೆ ಎರಡು ಸಲ ಬರುತ್ತಿದೆ. ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ಪುಡಿಯ ಡಬ್ಬಿಯನ್ನೂ ಜೊತೆಗೆ ಒಯ್ಯುತ್ತೇನೆ. ಅತ್ತೆಯವರು ಅಳತೆಯ ಚೀಟಿ ನೋಡಿ, ಇದರಲ್ಲಿ ಒಣಶುಂಠಿಯೇ ಇಲ್ಲವಲ್ಲ ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದರೆ, ನೀನು ಅಳತೆ ಕೇಳಿದೆ, ಸಾಮಾನು ಕೇಳಲಿಲ್ಲ ಎನ್ನುತ್ತಾರೆ.