ಅಪ್‌ಡೇಟ್: ಪದ್ಮಿನಿಗೆ ಹಳೇ ಕಾರ್ಬುರೇಟರೇ ಸಾಕಾಯ್ತು

ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುವ ನನ್ನ ಪ್ರೀಮಿಯರ್ ಪದ್ಮಿನಿ ಕಾರಿಗೆ (1089 ಸಿಸಿ) ಯಾವ ಕಾರ್ಬುರೇಟರ್ (ಎಂಜಿನ್‌ಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಹಾಕಲಿ ಅಂತ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಯಾವುದನ್ನೂ ಕೊಳ್ಳಲಿಲ್ಲ. ದೊಡ್ಡದು ಹಾಕಿದರೆ ಪಿಕಪ್ ಬರುತ್ತೆ ಅನ್ನೋ ಆಸೆ ಇತ್ತು. ಪೆಟ್ರೋಲ್ ಕುಡಿಯುತ್ತೆ ಅಷ್ಟೇ ಅಂತ ನೀವು ಬೈದದ್ದು ಒಳ್ಳೆಯದೇ ಆಯ್ತು.

ಹಳೇ ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿದರೆ ಬುಡದ ಗ್ಯಾಸ್ಕೆಟ್ ಸೀಳಿ ಗಾಳಿ ಎಳೀತಿತ್ತು, ಐಡಲ್ ಜೆಟ್‌ನಲ್ಲಿ (ಆಕ್ಸಿಲರೇಟರ್ ಒತ್ತದಿದ್ದಾಗ ಪೆಟ್ರೋಲ್ ಬಿಡುವ ಸಣ್ಣ ತೂತು) ಕಸ. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತೆ, ಹಾಗಾಗಿ ಬರೀ ಗಾಳಿ ಹೊಡೆದೆ. ಟ್ಯೂನಿಂಗ್‌ಗೆ ಮೊದಲು ಪಾಯಿಂಟ್ ಗ್ಯಾಪ್, ಟೈಮಿಂಗ್ (ಕಿಡಿ ಸರಿಯಾದ ಹೊತ್ತಿಗೆ ಬರುತ್ತಾ ಅಂತ) ನೋಡಿದೆ. ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿಟ್ಟು, ಎಂಜಿನ್ ಬಿಸಿಯಾದ ಮೇಲೆ ಸದ್ದು ಒಂದೇ ಸಮ ಆಗೋವರೆಗೆ ಕಾಲು ಕಾಲು ಸುತ್ತು ತಿರುಗಿಸಿದೆ. ಆಮೇಲೆ ಐಡಲ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಇಳಿಸಿದೆ. ಕಪ್ಪಗಿದ್ದ ಸ್ಪಾರ್ಕ್ ಪ್ಲಗ್ ಈಗ ಬಿಸ್ಕತ್ತಿನ ಬಣ್ಣ, ಅಂದರೆ ಮಿಶ್ರಣ ಸರಿಯಾಗಿದೆ. ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡೋಕೆ ಎಳೆಯುವ ಚೋಕ್ ಮಾತ್ರ ಇನ್ನೂ ಹಟ ಮಾಡುತ್ತೆ.